ಕುಕ್ಕರಹಳ್ಳಿ ಕೆರೆ ಆಯ್ತು, ಮುಂದೆ ಯಾವ ದೇಶ? ಮೈಸೂರು–ಮಂಡ್ಯದ ಹಕ್ಕಿಪ್ರಿಯರಿಗೆ ಐದು ದೇಶಗಳ ಹೋಲಿಕೆ

ಹಕ್ಕಿ ನೋಡಲು ಯಾವ ದೇಶ ಒಳ್ಳೆಯದು ಅಂತ ಅಂತರ್ಜಾಲದಲ್ಲಿ ಹುಡುಕಿದರೆ ಪಟ್ಟಿಗಳು ರಾಶಿ ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತವರಿಗಾಗಿ ಬರೆದವು. ಬಣ್ಣದ ಕೊಕ್ಕರೆ ಕಂಡರೆ ಅವರಿಗೆ ಹಬ್ಬ. ನಮಗೇನು? ರಂಗನತಿಟ್ಟಿನ ದೋಣಿಯಲ್ಲಿ ಕೂತರೆ ಅದೇ ಕೊಕ್ಕರೆ ಗೂಡಿಗೆ ಕಡ್ಡಿ ಕಚ್ಚಿಕೊಂಡು ತಲೆ ಮೇಲೆಯೇ ಹಾರಿಹೋಗುತ್ತದೆ. ಹೆಜ್ಜಾರ್ಲೆ ಬೇಕೆಂದರೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದರೆ ಸಾಕು. ಊರೊಳಗಿನ ಹುಣಸೆ ಮರದಲ್ಲೇ ಸಂಸಾರ ಹೂಡಿರುತ್ತದೆ.

ನಾವಿರುವುದೇ ಉಷ್ಣವಲಯದಲ್ಲಿ. ಇನ್ನೊಂದು ಉಷ್ಣವಲಯದ ದೇಶಕ್ಕೆ ದುಡ್ಡು ಸುರಿಯುವ ಮೊದಲು ಅಲ್ಲಿ ಎಷ್ಟು ಜಾತಿ ಹಕ್ಕಿ ಇವೆ ಅಂತ ಕೇಳಿ ಪ್ರಯೋಜನವಿಲ್ಲ. ಅವುಗಳಲ್ಲಿ ನಾವು ನೋಡದೇ ಇರುವುದು ಎಷ್ಟು ಅಂತ ಕೇಳಬೇಕು. ಅದಕ್ಕಿಂತಲೂ ಒಳ್ಳೆಯ ಪ್ರಶ್ನೆ ಇನ್ನೊಂದಿದೆ: ನಮ್ಮ ಕಡೆ ಇಲ್ಲವೇ ಇಲ್ಲದ ಹಕ್ಕಿ ಕುಟುಂಬಗಳು ಅಲ್ಲಿ ಎಷ್ಟಿವೆ? ಹದಿನೈದನೇ ಬಗೆಯ ಪಿಕಳಾರ ನೋಡಿದರೂ ಖುಷಿಯೇ, ಇಲ್ಲ ಅನ್ನಲ್ಲ. ಆದರೆ ಅಂಥ ಹಕ್ಕಿಯನ್ನೇ ಕಂಡಿಲ್ಲ ಅನ್ನಿಸುವ ಹಕ್ಕಿಯ ಮುಂದೆ ನಿಲ್ಲುವ ಖುಷಿಯೇ ಬೇರೆ.

ಈ ಲೆಕ್ಕ ಹಿಡಿದು ಶ್ರೀಲಂಕಾ, ಮಲೇಷ್ಯಾದ ಸಬಾ, ಥಾಯ್ಲೆಂಡ್, ಉಗಾಂಡಾ, ಕೋಸ್ಟರಿಕಾ ಇವಿಷ್ಟನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಇಂಡೋನೇಷ್ಯಾ, ಬ್ರೆಜಿಲ್ ಬಿಟ್ಟಿದ್ದೇನೆ. ಒಂದು ರಜೆಗೆ ಆ ದೇಶಗಳು ತೀರಾ ದೊಡ್ಡವು.

ಮೊದಲು ಮನೆಯ ಪಟ್ಟಿ ತೆಗೆಯಿರಿ

ನೋಡಿದ ಹಕ್ಕಿಗಳನ್ನು ದಾಖಲಿಸುವ ಈಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವ ಅಭ್ಯಾಸ ಇದ್ದರೆ ಅದನ್ನೇ ತೆರೆಯಿರಿ. ಇಲ್ಲದಿದ್ದರೆ ಹಳೆಯ ನೋಟ್‌ಬುಕ್ ಸಾಕು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳು, ರಂಗನತಿಟ್ಟು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಇಳಿಯುವ, ಹದಿನಾರು ಎಂಬ ಊರಿನ ಕೆರೆ ಇಷ್ಟೇ ನೋಡಿದವರು ಒಂದು ಗುಂಪು. ಇದರ ಜೊತೆಗೆ ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಸುತ್ತಿದವರು ಎರಡನೇ ಗುಂಪು. ಪಶ್ಚಿಮ ಘಟ್ಟದ ದಟ್ಟ ಮಳೆಕಾಡನ್ನೂ ಹಿಮಾಲಯವನ್ನೂ ಮುಗಿಸಿದವರು ಮೂರನೆಯವರು.

ಮೊದಲ ಗುಂಪಿನವರಿಗೆ ನೇರವಾಗಿ ಹೇಳಿಬಿಡುತ್ತೇನೆ. ಪಾಸ್‌ಪೋರ್ಟ್ ಸದ್ಯಕ್ಕೆ ಬೀರುವಿನಲ್ಲೇ ಇರಲಿ. ದಾಂಡೇಲಿಗೆ ಹೋಗಿ ಮಂಗಟ್ಟೆ ನೋಡಿ ಬನ್ನಿ. ಕೇರಳದ ತಟ್ಟೆಕ್ಕಾಡಿಗೆ ಹೋಗಿ ಕಪ್ಪೆಬಾಯಿ ಹಕ್ಕಿ ನೋಡಿ ಬನ್ನಿ. ಕೋತಮಂಗಲಂ ಹತ್ತಿರ ಬರೀ 25 ಚದರ ಕಿಲೋಮೀಟರಿನ ಪಕ್ಷಿಧಾಮ ಅದು. ಅಲ್ಲಿನ ಗೈಡುಗಳು ಒಣಗಿದ ಎಲೆಯಂತೆ ಬಳ್ಳಿಗೆ ಅಂಟಿ ಕೂತ ಆ ಜೋಡಿಯನ್ನು ಬೆರಳು ತೋರಿಸಿ ಹೇಳುತ್ತಾರೆ. ಇದೇ ಹಕ್ಕಿಯನ್ನು ನೋಡಲು ಎಷ್ಟೋ ಜನ ಶ್ರೀಲಂಕಾಕ್ಕೆ ಟಿಕೆಟ್ ತೆಗೆಯುತ್ತಾರೆ.

ಮುಂದಿನ ಮಾತೆಲ್ಲ ಎರಡನೇ, ಮೂರನೇ ಗುಂಪಿನವರಿಗೆ.

ಶ್ರೀಲಂಕಾ: ಹತ್ತಿರ, ಅಗ್ಗ, ಅರ್ಧ ಪರಿಚಿತ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಮೈಸೂರಿನಿಂದ ಫ್ಲೈಬಸ್ ಹತ್ತಿ ಕೆಂಪೇಗೌಡ ವಿಮಾನ ನಿಲ್ದಾಣ ಸೇರಲು ಅದರ ಎರಡರಷ್ಟಕ್ಕೂ ಜಾಸ್ತಿ ಹೊತ್ತು ಬೇಕು. ಇಡೀ ದ್ವೀಪ ಸೇರಿ 65,610 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಭಾಗ. ಹಾಗಾಗಿ ಒಂದೇ ವಾರದಲ್ಲಿ ಮಳೆಕಾಡೂ ಮುಗಿಯುತ್ತದೆ, ಬೆಟ್ಟವೂ ಮುಗಿಯುತ್ತದೆ.

ಹೊಸ ಕುಟುಂಬದ ಲೆಕ್ಕ ಹಾಕಿದರೆ ಶ್ರೀಲಂಕಾಕ್ಕೆ ಹೆಚ್ಚುಕಡಿಮೆ ಸೊನ್ನೆ. ಅಲ್ಲಿನ ಹಕ್ಕಿಗಳೆಲ್ಲ ನಮ್ಮ ಹಕ್ಕಿಗಳ ದಾಯಾದಿಗಳು. ಆದರೆ ಬೇರೆಲ್ಲೂ ಇಲ್ಲದ ಸುಮಾರು 34 ಜಾತಿಗಳು ಅಲ್ಲಿವೆ. ಅವುಗಳಲ್ಲಿ ಬಹುಪಾಲು ನೈಋತ್ಯದ ಮಳೆಕಾಡಿನಲ್ಲಿ ಮತ್ತು ನಡುವಿನ ಬೆಟ್ಟಗಳಲ್ಲಿ ಗುಂಪುಗೂಡಿವೆ. ನಾವು ಹೋಗಬೇಕಾದದ್ದು ಅಲ್ಲಿಗೆ ಮಾತ್ರ.

ಸಿಂಹರಾಜ ಕಾಡು 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ ಹಕ್ಕಿ ನೋಡುವ ರೀತಿಯೇ ಬೇರೆ. ಅರ್ಧ ಗಂಟೆ ನಡೆದರೂ ಎಲೆ ಅಲ್ಲಾಡುವುದಿಲ್ಲ. ಜಿಗಣೆ ಮಾತ್ರ ಹತ್ತುತ್ತಿರುತ್ತದೆ. ಇವತ್ತು ಏನೂ ಇಲ್ಲಪ್ಪ ಅಂದುಕೊಳ್ಳುವಾಗ ದೂರದಲ್ಲಿ ಗಲಾಟೆ ಶುರುವಾಗುತ್ತದೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಮುಂದೆ ಬರುತ್ತವೆ. ಅವುಗಳ ಹಿಂದೆಯೇ ಜುಟ್ಟಿನ ಕಾಜಾಣ. ಆಮೇಲೆ ಕಣ್ಣು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಮೇಲೆ ಕೆಂಪು ಮುಖದ ಮಲ್ಕೋಹ ಕೊಂಬೆಯಿಂದ ಕೊಂಬೆಗೆ ತೆವಳುತ್ತದೆ. ನಡುವಿನ ಮಟ್ಟದಲ್ಲಿ ಕಾಕರಣೆ (ಟ್ರೋಗನ್). ಕೆಳಗೆ ಬೂದುತಲೆಯ ಹರಟೆಮಲ್ಲಗಳು ತರಗೆಲೆ ಕೆದಕುತ್ತವೆ. ಬೇರೆ ಬೇರೆ ಜಾತಿಯ ಹತ್ತಾರು ಹಕ್ಕಿಗಳು ಹೀಗೆ ಒಟ್ಟಿಗೆ ಮೇಯುತ್ತಾ ಕಾಡು ದಾಟುತ್ತವೆ. ನಿಮಗೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಕ್ಯಾಮೆರಾದ ಪರದೆ ನೋಡುತ್ತಾ ಫೋಟೊ ಸರಿ ಬಂತಾ ಅಂತ ಪರೀಕ್ಷೆ ಮಾಡುವವರಿಗೆ ಅರ್ಧ ಹಕ್ಕಿ ತಪ್ಪಿಹೋಗುತ್ತದೆ.

ಇನ್ನೊಂದು ಆಕರ್ಷಣೆ ಸೆರೆಂಡಿಬ್ ಗೂಬೆ. ಶ್ರೀಲಂಕಾದ ಪಕ್ಷಿತಜ್ಞ ದೀಪಾಲ್ ವರಕಗೊಡ 1995ರಲ್ಲಿ ಕಿತುಲ್ಗಲ ಕಾಡಿನಲ್ಲಿ ಪರಿಚಯವಿಲ್ಲದ ಒಂದು ಕೂಗು ಕೇಳಿದರು. ಹಕ್ಕಿ ಕಣ್ಣಿಗೆ ಬಿದ್ದದ್ದು 2001ರಲ್ಲಿ. 2004ರಲ್ಲಿ ಹೊಸ ಜಾತಿ ಎಂದು ದಾಖಲಾಯಿತು. ಅಷ್ಟು ಚಿಕ್ಕ ದ್ವೀಪದಲ್ಲಿ, ಬ್ರಿಟಿಷರ ಕಾಲದಿಂದಲೂ ಜಾಲಾಡಿದ ಕಾಡಿನಲ್ಲಿ! ಹಗಲು ಹೊತ್ತು ಅದು ಪೊದೆಯೊಳಗೆ ನೆಲಕ್ಕೆ ಹತ್ತಿರವೇ ಕೂತಿರುತ್ತದೆ. ಸ್ಥಳೀಯ ಗೈಡ್ ಇಲ್ಲದೆ ಸಿಗುವ ಮಾತೇ ಇಲ್ಲ.

ಬೆಟ್ಟದ ಭಾಗಕ್ಕೆ ನುವಾರ ಎಲಿಯ ಊರಿನಲ್ಲಿ ಉಳಿಯಿರಿ. ಅಲ್ಲಿನ ವಿಕ್ಟೋರಿಯಾ ಪಾರ್ಕ್ ಸಾಮಾನ್ಯ ನಗರದ ಉದ್ಯಾನ. ಮಕ್ಕಳು ಆಡುತ್ತಿರುತ್ತಾರೆ, ಜೋಡಿಗಳು ಕೂತಿರುತ್ತಾರೆ. ಆದರೂ ಚಳಿಗಾಲದಲ್ಲಿ ಕಾಶ್ಮೀರದ ನೊಣಹಿಡುಕ, ಪೈಡ್ ಥ್ರಶ್, ನವರಂಗ (ಪಿಟ್ಟಾ) ಮೂರೂ ಅಲ್ಲಿಗೇ ವಲಸೆ ಬಂದಿರುತ್ತವೆ. ಬೆಳಗಾಗುವ ಮೊದಲು ಹೊರಟರೆ ಹಾರ್ಟನ್ ಪ್ಲೇನ್ಸ್‌ನ ಕೊಳದ ದಂಡೆಯಲ್ಲಿ ಶ್ರೀಲಂಕಾದ ವಿಸಲಿಂಗ್ ಥ್ರಶ್ ಸಿಗಬಹುದು. ಬಿಸಿಲೇರಿದ ಮೇಲೆ ಅದು ಪೊದೆ ಬಿಟ್ಟು ಹೊರಬರುವುದು ಕಡಿಮೆ.

ಟ್ರಾವೆಲ್ಸ್‌ನವರು ಕೊಡುವ ಪ್ಯಾಕೇಜಿನಲ್ಲಿ ಯಾಲ ಮತ್ತು ಬುಂದಲ ಇದ್ದೇ ಇರುತ್ತವೆ. ಅವೆರಡನ್ನೂ ಹೊಡೆದು ಹಾಕಿಸಿ. ಯಾಲದಲ್ಲಿ ಚಿರತೆ, ಬುಂದಲದಲ್ಲಿ ನೀರುಹಕ್ಕಿ. ಕಬಿನಿಯೂ ರಂಗನತಿಟ್ಟೂ ಪಕ್ಕದಲ್ಲೇ ಇರುವವರು ಅದಕ್ಕಾಗಿ ಸಮುದ್ರ ದಾಟುವುದು ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗೆ. ಆ ದಿನಗಳನ್ನು ಸಿಂಹರಾಜಕ್ಕೆ ಸೇರಿಸಿ. ಅಲ್ಲಿ ಒಂದೇ ರಾತ್ರಿ ಉಳಿದು ಮಳೆ ಬಂದರೆ ಕಥೆ ಮುಗಿಯಿತು.

ಸಬಾ: ನನ್ನ ಮತ ಇದಕ್ಕೇ

ಬೋರ್ನಿಯೊ ದ್ವೀಪದ ಉತ್ತರದ ತುದಿ ಮಲೇಷ್ಯಾದ ಸಬಾ ರಾಜ್ಯ. ಬೆಂಗಳೂರಿನಿಂದ ಕ್ವಾಲಾಲಂಪುರ ನಾಲ್ಕು ಗಂಟೆ, ಅಲ್ಲಿಂದ ಕೋಟಾ ಕಿನಬಾಲು ಇನ್ನೊಂದು ಎರಡೂವರೆ ಗಂಟೆ. ಖರ್ಚು ಶ್ರೀಲಂಕಾಕ್ಕಿಂತ ಜಾಸ್ತಿ, ಆಫ್ರಿಕಾ–ಅಮೆರಿಕಗಳಿಗಿಂತ ಎಷ್ಟೋ ಕಡಿಮೆ. ಮೈಸೂರಿನವರ ಪಟ್ಟಿಗೆ ಒಂದೇ ಸಲಕ್ಕೆ ಇಷ್ಟು ಹೊಸದನ್ನು ಸೇರಿಸುವ ಜಾಗ ಈ ದುಡ್ಡಿಗೆ ಬೇರೆ ಇಲ್ಲ.

ಹೇಗೆ ಅಂತ ಕೇಳಿ. ನಮ್ಮ ಘಟ್ಟದಲ್ಲಿ ಕಾಕರಣೆ ಒಂದೇ ಬಗೆ. ಬೋರ್ನಿಯೊದಲ್ಲಿ ಆರು. ನಮಗೆ ನವರಂಗ ಒಂದೇ, ಅದೂ ಚಳಿಗಾಲದ ಅತಿಥಿ. ಅಲ್ಲಿ ಅದರ ಬಳಗದವು ನೀಲಿ ತಲೆಯದು, ಕಪ್ಪು ನೆತ್ತಿಯದು, ಪಟ್ಟೆಯದು ಅಂತ ಹಲವು, ಕೆಲವು ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. ಅಗಲ ಕೊಕ್ಕಿನ ಬ್ರಾಡ್‌ಬಿಲ್‌ಗಳು ದಕ್ಷಿಣ ಭಾರತದಲ್ಲಿ ಇಲ್ಲವೇ ಇಲ್ಲ, ಅಲ್ಲಿ ಎಂಟು ಬಗೆ. ಮಂಗಟ್ಟೆಗಳೂ ಎಂಟು ಬಗೆ. ಇಷ್ಟು ಸಾಲದು ಅಂತ ಬ್ರಿಸಲ್‌ಹೆಡ್ ಎಂಬ ಒಂದು ಹಕ್ಕಿ ಇದೆ. ಮೈಯೆಲ್ಲ ಕಪ್ಪು, ತಲೆ ಕೆಂಪು, ನೆತ್ತಿಯ ಮೇಲೆ ಹಳದಿ ಬಿರುಗೂದಲು. ಇಡೀ ಕುಟುಂಬದಲ್ಲಿ ಅದೊಂದೇ ಜಾತಿ, ಅದೂ ಬೋರ್ನಿಯೊದಲ್ಲಿ ಮಾತ್ರ.

ಸಬಾದಲ್ಲಿ ಮೂರು ಜಾಗ ಹಿಡಿದರೆ ಸಾಕು.

ಒಂದು, ಕಿನಬಾಲು ಪಾರ್ಕ್. ಬೆಟ್ಟದ ತುದಿ 4,095 ಮೀಟರ್, ಆದರೆ ಹಕ್ಕಿಯವರು ಅಲ್ಲಿಗೆ ಹತ್ತಬೇಕಾಗಿಲ್ಲ. ಸುಮಾರು 1,500 ಮೀಟರಿನಲ್ಲಿರುವ ಪಾರ್ಕ್ ಕಚೇರಿಯಿಂದ ಮೇಲಿನ ಗೇಟಿನವರೆಗೆ ಡಾಂಬರು ರಸ್ತೆ ಇದೆ. ಅದರ ಉದ್ದಕ್ಕೂ ನಿಧಾನವಾಗಿ ನಡೆದರೆ ಆಯ್ತು. 1880ರ ದಶಕದಲ್ಲಿ ಇಲ್ಲಿ ಹಕ್ಕಿ ಸಂಗ್ರಹಿಸಿದ ಜಾನ್ ವೈಟ್‌ಹೆಡ್ ಹೆಸರಿನಲ್ಲಿ ಮೂರು ಹಕ್ಕಿಗಳಿವೆ: ಒಂದು ಕಾಕರಣೆ, ಒಂದು ಬ್ರಾಡ್‌ಬಿಲ್, ಒಂದು ಸ್ಪೈಡರ್‌ಹಂಟರ್. ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಿದವರು ಆಮೇಲೆ ಅದೇ ಮಾತು ಆಡುತ್ತಿರುತ್ತಾರೆ. ಸುಲಭವಂತೂ ಅಲ್ಲ. ಇಲ್ಲಿ ಕನಿಷ್ಠ ಮೂರು ಬೆಳಗ್ಗೆ ಇಟ್ಟುಕೊಳ್ಳಿ. ಮಧ್ಯಾಹ್ನದ ಮೇಲೆ ಮಂಜು ಇಳಿದರೆ ಹತ್ತು ಅಡಿ ಆಚೆಯದೂ ಕಾಣುವುದಿಲ್ಲ.

ಎರಡು, ಸಂಡಕಾನ್ ಹತ್ತಿರದ ಸೆಪಿಲೋಕ್. ಒರಾಂಗುಟಾನ್ ಕೇಂದ್ರ ನೋಡಲು ಎಲ್ಲರೂ ಹೋಗುತ್ತಾರೆ. ನಮಗೆ ಬೇಕಾದದ್ದು ಅದರ ಪಕ್ಕದ ರೈನ್‌ಫಾರೆಸ್ಟ್ ಡಿಸ್ಕವರಿ ಸೆಂಟರ್. ಮರಗಳ ತಲೆಯ ಮಟ್ಟಕ್ಕೆ ಉಕ್ಕಿನ ಕಾಲುಸೇತುವೆ, ನಡುನಡುವೆ ಗೋಪುರ. ಮಳೆಕಾಡಿನಲ್ಲಿ ಹಕ್ಕಿ ನೋಡುವುದೆಂದರೆ ದಿನವಿಡೀ ಕತ್ತು ಮೇಲೆತ್ತಿ, ಬೆಳಕಿಗೆ ಎದುರಾಗಿ, ಹಕ್ಕಿಯ ಹೊಟ್ಟೆ ನೋಡುವ ಕೆಲಸ. ಈ ಸೇತುವೆಯ ಮೇಲೆ ನಿಂತರೆ ಹಕ್ಕಿ ಕಣ್ಣಿನ ನೇರಕ್ಕೇ ಬರುತ್ತದೆ, ಕೆಲವೊಮ್ಮೆ ಕೆಳಗೂ. ಬ್ರಿಸಲ್‌ಹೆಡ್ ಗುಂಪು ಬಂದರೆ ಮೂಗಿನಲ್ಲಿ ಮಾತಾಡಿದಂಥ ಒಂದು ವಿಚಿತ್ರ ಸದ್ದು ಮೊದಲು ಕೇಳುತ್ತದೆ. ಬೆಳಗ್ಗೆ ಬೇಗ ಒಳಗೆ ಬಿಡುತ್ತಾರಾ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಮೂರು, ಕಿನಬಾಟಂಗನ್ ನದಿ. ಸುಕಾವು ಅಥವಾ ಬಿಲಿಟ್‌ನಲ್ಲಿ ಉಳಿದು ಬೆಳಗ್ಗೆ ಸಂಜೆ ದೋಣಿಯಲ್ಲಿ ಹೋಗುವುದು. ಮಂಗಟ್ಟೆಗಳ ಎಂಟೂ ಬಗೆ ಈ ನದಿಯ ಸುತ್ತಲೇ ಇವೆ. ಉದ್ದ ಮೂಗಿನ ಪ್ರೊಬೊಸಿಸ್ ಕೋತಿಗಳು ದಂಡೆಯ ಮರದಲ್ಲಿ ಕೂತು ಎಲೆ ತಿನ್ನುತ್ತಿರುತ್ತವೆ. ಸಂತೋಷ ಪಡುವಾಗ ಒಂದು ಮಾತು ನೆನಪಿರಲಿ. ಇಲ್ಲಿ ಪ್ರಾಣಿ–ಪಕ್ಷಿ ಇಷ್ಟು ಸುಲಭವಾಗಿ ಕಾಣಲು ಒಂದು ಕಾರಣ ಹಿಂದಿನ ಕಾಡು ಹೋಗಿ ತಾಳೆಎಣ್ಣೆ ತೋಟ ಬಂದಿರುವುದು. ಉಳಿದ ಜೀವಗಳೆಲ್ಲ ನದಿಯ ಪಕ್ಕದ ಪಟ್ಟಿಗೆ ಒತ್ತಿಕೊಂಡಿವೆ. ಸಂಡಕಾನ್‌ನಿಂದ ಹೋಗುವಾಗ ಗಂಟೆಗಟ್ಟಲೆ ಬರೀ ತೋಟವೇ ಕಾಣುತ್ತದೆ.

ಡನಮ್ ವ್ಯಾಲಿಯನ್ನು ಎಲ್ಲರೂ ಹೊಗಳುತ್ತಾರೆ. 438 ಚದರ ಕಿಲೋಮೀಟರಿನ ಹಳೆಯ ಕಾಡು, ನಿಜವಾಗಿಯೂ ಹೊಗಳಿಕೆಗೆ ತಕ್ಕದ್ದು. ಆದರೆ ಅಲ್ಲಿನ ಲಾಡ್ಜ್ ದರ ಕೇಳಿದರೆ ಬೆವರು ಬರುತ್ತದೆ. ಮೊದಲ ಸಲಕ್ಕೆ ಬಿಡಬಹುದು.

ಥಾಯ್ಲೆಂಡ್: ಕ್ಯಾಮೆರಾದವರ ಸ್ವರ್ಗ

ಉದ್ದನೆಯ ಲೆನ್ಸ್ ಹೊತ್ತು ತಿರುಗುವವರಿಗೆ ಸಬಾದ ಕತ್ತಲೆ ಕಾಡು ಬೇಸರ ತರಿಸಬಹುದು. ಅವರು ಥಾಯ್ಲೆಂಡ್ ನೋಡಲಿ. ಬ್ಯಾಂಕಾಕ್‌ಗೆ ಬೆಂಗಳೂರಿನಿಂದ ನೇರ ವಿಮಾನ ಇದೆ, ರಸ್ತೆ ಚೆನ್ನಾಗಿವೆ.

ಕೇಂಗ್ ಕ್ರಚಾನ್ ಆ ದೇಶದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ, 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದರ ಹೊರಗೆ ಊರಿನವರು ತಮ್ಮ ಜಮೀನಿನಲ್ಲೇ ಸಣ್ಣ ನೀರುಗುಂಡಿ ಮಾಡಿ, ಎದುರಿಗೆ ಬಲೆಬಟ್ಟೆಯ ಮರೆ ಕಟ್ಟಿದ್ದಾರೆ. ತಲೆಗೆ ಇಷ್ಟು ಅಂತ ದುಡ್ಡು ಕೊಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತುಕೊಳ್ಳುವುದು, ಬಟ್ಟೆಯ ತೂತಿನಿಂದ ಲೆನ್ಸ್ ತೂರಿಸುವುದು. ಬೇಸಿಗೆಯ ಮಧ್ಯಾಹ್ನ ಕಾಡಿನ ಹಕ್ಕಿಗಳು ಸರದಿಯಂತೆ ನೀರಿಗೆ ಬರುತ್ತವೆ. ಕಾಡುಕೋಳಿ ಜಾತಿಯವು, ನೀಲಿ ನೊಣಹಿಡುಕಗಳು, ನಡುವೆ ಮೌಸ್‌ಡಿಯರ್ ಎಂಬ, ಪುಟ್ಟ ಜಿಂಕೆಯಂಥ ನಾಚಿಕೆಯ ಪ್ರಾಣಿ. ಇದು ಹಕ್ಕಿ ನೋಡುವುದಾ, ಸ್ಟುಡಿಯೊ ಫೋಟೊಗ್ರಫಿಯಾ ಅಂತ ವಾದ ಮಾಡುವವರಿದ್ದಾರೆ. ನನಗೆ ನಡೆದು ಹುಡುಕುವುದೇ ಇಷ್ಟ. ಆದರೆ ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ, ಊರಿನವರ ಕೈಗೂ ನಾಲ್ಕು ಕಾಸು ಸೇರುತ್ತದೆ.

ಈ ಉದ್ಯಾನವಿರುವ ಫೆಚ್ಚಬುರಿ ಪ್ರಾಂತದ ಪಾಕ್ ತಲೇ ಉಪ್ಪಿನ ಗದ್ದೆಗಳಲ್ಲಿ ಚಳಿಗಾಲಕ್ಕೆ ಚಮಚ ಕೊಕ್ಕಿನ ಪುಟ್ಟ ಉಲ್ಲಂಕಿ ಬರುತ್ತದೆ. ಗುಬ್ಬಚ್ಚಿಯಷ್ಟು ಮೈ. ಮರಿ ಮಾಡುವುದು ರಷ್ಯಾದ ಈಶಾನ್ಯ ತುದಿಯಲ್ಲಿ. ಜಗತ್ತಿನಲ್ಲಿ ಉಳಿದಿರುವುದು ಕೆಲವು ನೂರು ಮಾತ್ರ. ನೂರಾರು ಬೂದು ಬಣ್ಣದ ಉಲ್ಲಂಕಿಗಳ ನಡುವೆ ಅದೊಂದನ್ನು ಹುಡುಕಲು ಬೈನಾಕ್ಯುಲರ್ ಸಾಲದು, ಸ್ಪಾಟಿಂಗ್ ಸ್ಕೋಪ್ ಬೇಕು. ಹದಿನಾರು ಕೆರೆಯ ದಂಡೆಯಲ್ಲಿ ಉಲ್ಲಂಕಿಗಳನ್ನು ಗುರುತಿಸಿ ಪಳಗಿದವರಿಗೆ ಇದು ನಿಜವಾದ ಪರೀಕ್ಷೆ.

ಉತ್ತರದ ಡೋಯ್ ಇಂಥನಾನ್ 2,565 ಮೀಟರಿನ ಬೆಟ್ಟ. ಚೆನ್ನಾಗಿದೆ, ಆದರೆ ಅಲ್ಲಿನ ಹಕ್ಕಿಗಳಲ್ಲಿ ಎಷ್ಟೋ ಹಿಮಾಲಯದವೇ. ಸಿಕ್ಕಿಂ, ಅರುಣಾಚಲ ಸುತ್ತಿ ಬಂದವರು ಬಿಟ್ಟರೆ ನಷ್ಟವಿಲ್ಲ.

ಉಗಾಂಡಾ: ಒಂದು ಹಕ್ಕಿಗಾಗಿ

ಉಗಾಂಡಾದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಭಾರತದಲ್ಲಿ ಇಲ್ಲದ ಟುರಾಕೊ, ಮೌಸ್‌ಬರ್ಡ್‌ನಂಥ ಪೂರಾ ಹೊಸ ಕುಟುಂಬಗಳೂ ಇವೆ. ಆದರೆ ಜನ ಹೋಗುವುದು ಶೂಬಿಲ್ ನೋಡಲು ಅನ್ನುವುದೇ ಸತ್ಯ. ನಾಲ್ಕಡಿಯ ಬೂದು ಹಕ್ಕಿ, ಮರದ ಚಪ್ಪಲಿಯಂಥ ಕೊಕ್ಕು. ವಿಮಾನ ಇಳಿಯುವ ಎಂಟೆಬ್ಬೆ ಊರಿನಿಂದ ಹೆಚ್ಚು ದೂರವಿಲ್ಲದ ಮಬಾಂಬಾ ಜೌಗಿನಲ್ಲಿ ದೋಣಿಯಲ್ಲಿ ಕೂತು ಜೊಂಡಿನ ನಡುವೆ ಹುಡುಕುತ್ತಾರೆ. ಅದು ಲಂಗ್‌ಫಿಶ್ ಹಿಡಿಯಲು ಗಂಟೆಗಟ್ಟಲೆ ಅಲ್ಲಾಡದೆ ನಿಂತಿರುತ್ತದೆ, ಹಾಗಾಗಿ ಕಂಡರೆ ಚೆನ್ನಾಗಿಯೇ ಕಾಣುತ್ತದೆ. ಹಿಂದೆ ಅಲ್ಲಿನ ಮೀನುಗಾರರು ಅದನ್ನು ಅಪಶಕುನ ಅಂದುಕೊಂಡು ಕೊಲ್ಲುತ್ತಿದ್ದರು. ಈಗ ಅವರೇ ದೋಣಿ ನಡೆಸಿ ತೋರಿಸುತ್ತಾರೆ.

ಬ್ವಿಂಡಿ ಕಾಡಿಗೆ ಹೋದರೆ ಬೆಟ್ಟದ ಹಕ್ಕಿಗಳ ದೊಡ್ಡ ಪಟ್ಟಿಯೇ ಸಿಗುತ್ತದೆ. ಗೊರಿಲ್ಲಾ ಕೂಡ ನೋಡಬೇಕೆಂದರೆ ಪರ್ಮಿಟ್ ಒಂದಕ್ಕೇ 800 ಡಾಲರ್. ಒಬ್ಬರಿಗೆ, ಒಂದು ದಿನಕ್ಕೆ. ರಸ್ತೆಯಲ್ಲಿ ಕಳೆಯುವ ಹೊತ್ತೂ ಜಾಸ್ತಿ.

ಒಂದು ವಿಷಯ ಮರೆಯಲೇಬಾರದು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಹಳದಿ ಕಾರ್ಡ್ ಬೇಕು. ಉಗಾಂಡಾದವರು ಕೇಳುತ್ತಾರೆ, ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಅದು ಊರ್ಜಿತ. ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಗಾಗಿ ಹೊರಡುವ ವಾರ ಓಡಾಡಿದರೆ ಆಗುವುದಿಲ್ಲ.

ಕೋಸ್ಟರಿಕಾ: ಎಲ್ಲವೂ ಹೊಸದು, ಬಿಲ್ಲೂ ಸೇರಿ

ಹೊಸ ಕುಟುಂಬಗಳ ಲೆಕ್ಕದಲ್ಲಿ ಕೋಸ್ಟರಿಕಾ ಎಲ್ಲರನ್ನೂ ಮೀರಿಸುತ್ತದೆ. ಕರ್ನಾಟಕದ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರುವ ದೇಶದಲ್ಲಿ 900ರ ಆಸುಪಾಸು ಜಾತಿಗಳು. ಹಮ್ಮಿಂಗ್‌ಬರ್ಡ್‌ಗಳೇ 50ರ ಆಸುಪಾಸು. ನಮ್ಮ ಅಂಗಳದ ಸೂರಕ್ಕಿಯ ಫೋಟೊ ತೆಗೆದು ಹಮ್ಮಿಂಗ್‌ಬರ್ಡ್ ಅಂತ ವಾಟ್ಸಾಪ್‌ನಲ್ಲಿ ಕಳಿಸುವವರು ಈಗಲೂ ಇದ್ದಾರೆ. ಇಡೀ ಏಷ್ಯಾದಲ್ಲಿ ಅದು ಇಲ್ಲ. ಟೂಕನ್, ಮಾಟ್‌ಮಾಟ್, ಮನಾಕಿನ್ ಯಾವುದೂ ನಮ್ಮ ಕಡೆಯದಲ್ಲ. ಸ್ಯಾನ್ ಜೆರಾರ್ಡೊ ಡೆ ಡೋಟಾ ಕಣಿವೆಯಲ್ಲಿ ಕಾಕರಣೆ ಬಳಗದ ಕೆಟ್ಸಾಲ್ ಹಕ್ಕಿ ಇದೆ. ಕಾಡುಬೆಣ್ಣೆಹಣ್ಣಿನ ಮರ ಯಾವುದು ಹಣ್ಣು ಬಿಟ್ಟಿದೆಯೋ ಅದರ ಕೆಳಗೆ ಕಾಯಬೇಕು.

ಆದರೆ ನೇರ ವಿಮಾನ ಇಲ್ಲ. ಹೋಗಲು ಬರಲು ದಾರಿಯಲ್ಲೇ ನಾಲ್ಕು ದಿನ ಹೋದರೂ ಆಶ್ಚರ್ಯವಿಲ್ಲ. ಹನ್ನೊಂದೂವರೆ ಗಂಟೆಯ ವ್ಯತ್ಯಾಸ, ಹಗಲು ರಾತ್ರಿ ಅದಲುಬದಲು. ವಿಮಾನದ ಟಿಕೆಟ್ಟಿನ ದುಡ್ಡಿಗೆ ಶ್ರೀಲಂಕಾದ ಇಡೀ ಪ್ರವಾಸ ಮುಗಿಯುತ್ತದೆ. ಮಗಳೋ ಮಗನೋ ಅಮೆರಿಕದಲ್ಲಿದ್ದು, ಹೇಗೂ ಆ ಕಡೆ ಹೋಗುವವರಿದ್ದರೆ ಮಾತು ಬೇರೆ. ಮೈಸೂರಿನಲ್ಲಿ ಅಂಥ ಮನೆಗಳಿಗೆ ಬರವಿಲ್ಲ ಅಲ್ವಾ. ಅಲ್ಲಿಂದ ಕೋಸ್ಟರಿಕಾ ಕೆಲವೇ ಗಂಟೆ. ಹಾಗಿಲ್ಲದೆ, ಸುಮ್ನೆ ಅದೊಂದಕ್ಕೇ ಇಲ್ಲಿಂದ ಹೊರಡುವುದನ್ನು ನಾನು ಒಪ್ಪುವುದಿಲ್ಲ. ಅದೇ ದುಡ್ಡಿನಲ್ಲಿ ಸಬಾ ಮತ್ತು ಶ್ರೀಲಂಕಾ ಎರಡೂ ಆಗುತ್ತವೆ.

ರಜೆ ಯಾವಾಗ ಸಿಗುತ್ತದೆ?

ಎಷ್ಟೋ ಸಲ ದೇಶವನ್ನು ನಾವು ಆರಿಸುವುದಿಲ್ಲ, ಶಾಲೆಯ ಕ್ಯಾಲೆಂಡರ್ ಆರಿಸುತ್ತದೆ.

ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಬಿಡುವಿದ್ದರೆ ಶ್ರೀಲಂಕಾ, ಥಾಯ್ಲೆಂಡ್ ಎರಡಕ್ಕೂ ಒಳ್ಳೆಯ ಕಾಲ. ಚಳಿಗಾಲದ ವಲಸೆ ಹಕ್ಕಿಗಳೂ ಇರುತ್ತವೆ. ಆದರೆ ನಮ್ಮ ಕೆರೆಗಳೂ ಹಕ್ಕಿಗಳಿಂದ ತುಂಬಿರುವುದು ಅದೇ ಹೊತ್ತಿಗೆ. ಊರು ಬಿಟ್ಟು ಹೋಗಲು ಹೊಟ್ಟೆ ಉರಿಯುತ್ತದೆ.

ಏಪ್ರಿಲ್–ಮೇ ಬೇಸಿಗೆ ರಜೆಗೆ ಸಬಾ. ನಮ್ಮಲ್ಲಿ ವಲಸೆ ಹಕ್ಕಿಗಳು ಹೊರಟು ಕೆರೆ ಖಾಲಿಯಾಗಿರುವ ಆ ತಿಂಗಳುಗಳಲ್ಲಿ ಅಲ್ಲಿ ಮಳೆ ಕಡಿಮೆ. ಹಕ್ಕಿಗಳು ಗೂಡು ಕಟ್ಟುವ, ಕೂಗುವ ಕಾಲವೂ ಹೌದು. ಶ್ರೀಲಂಕಾದ ನೈಋತ್ಯದಲ್ಲಿ ಮೇ ತಿಂಗಳಿಗೆ ಮುಂಗಾರು ಶುರುವಾಗಿಬಿಡುತ್ತದೆ. ಉಗಾಂಡಾದಲ್ಲೂ ಮಾರ್ಚ್‌ನಿಂದ ಮೇವರೆಗೆ ಮಳೆ.

ದಸರಾ ರಜೆ ಕಷ್ಟದ್ದು. ಅಕ್ಟೋಬರಿನಲ್ಲಿ ಹೆಚ್ಚಿನ ಕಡೆ ಮಳೆ. ಆದರೆ ಒಂದು ದಾರಿ ಇದೆ, ಹೆಚ್ಚು ಜನರಿಗೆ ಗೊತ್ತಿಲ್ಲ. ದಕ್ಷಿಣ ಥಾಯ್ಲೆಂಡಿನ ಚುಂಫೋನ್ ಹತ್ತಿರ ಖಾವ್ ಡಿನ್ಸೋ ಎಂಬ ಗುಡ್ಡ ಇದೆ. ಉತ್ತರ ಏಷ್ಯಾದಿಂದ ಮಲಯ ದ್ವೀಪಕಲ್ಪದ ಕಡೆಗೆ ಇಳಿಯುವ ಬೇಟೆಹಕ್ಕಿಗಳು ಆ ಕಿರಿದಾದ ಭೂಭಾಗದ ಮೇಲೆಯೇ ಹಾದುಹೋಗಬೇಕು. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಜೇನುಗಿಡುಗ, ಚೀನಾದ ಬಿಜ್ಜು, ಬೂದು ಮುಖದ ಗಿಡುಗಗಳು ಸಾವಿರಗಟ್ಟಲೆ ಸುಳಿಗಾಳಿಯಲ್ಲಿ ತಿರುಗುತ್ತಾ ತಲೆ ಮೇಲೆ ಹೋಗುತ್ತವೆ. ಜಂಬೂಸವಾರಿ ಟಿ.ವಿ.ಯಲ್ಲಿ ನೋಡಿದರೂ ಪರವಾಗಿಲ್ಲ ಅನ್ನುವವರಿಗೆ ಮಾತ್ರ ಈ ಸಲಹೆ.

ಮನೆಯವರು ಜೊತೆಗಿದ್ದರೆ

ಅಪ್ಪ–ಅಮ್ಮ ಬರುತ್ತಾರೆ, ಅವರಿಗೆ ಹಕ್ಕಿ ಬೇಡ ಅಂದರೆ ಶ್ರೀಲಂಕಾ ಬಿಟ್ಟು ಬೇರೆ ಯೋಚನೆ ಬೇಡ. ಅವರು ಕ್ಯಾಂಡಿಯ ದಳದಾ ಮಾಳಿಗಾವ (ಬುದ್ಧನ ಹಲ್ಲಿನ ದೇವಾಲಯ) ನೋಡಿಕೊಂಡು, ನುವಾರ ಎಲಿಯದಲ್ಲಿ ಟೀ ಕುಡಿದುಕೊಂಡು ಇರಬಹುದು. ಹತ್ತು–ಹನ್ನೆರಡು ವರ್ಷದ ಮಕ್ಕಳಿದ್ದರೆ ಸಬಾ. ಬ್ರಾಡ್‌ಬಿಲ್‌ಗೆ ಆಕಳಿಸುವ ಮಕ್ಕಳೂ ಒರಾಂಗುಟಾನ್ ನೋಡಿ ಎದ್ದು ಕೂರುತ್ತಾರೆ.

ಸಸ್ಯಾಹಾರಿಗಳಿಗೆ ಊಟದ ವಿಷಯ. ಶ್ರೀಲಂಕಾದಲ್ಲಿ ಅನ್ನ, ಬೇಳೆಯ ಪರಿಪ್ಪು, ತರಕಾರಿ ಪಲ್ಯ ಎಲ್ಲಿ ಹೋದರೂ ಸಿಗುತ್ತದೆ. ಕಾಯಿ ಸಂಬೋಲದಲ್ಲಿ ಮಾತ್ರ ಒಣಮೀನಿನ ಪುಡಿ ಇರಬಹುದು, ಕೇಳಿ ಹಾಕಿಸಿಕೊಳ್ಳಿ. ಥಾಯ್ಲೆಂಡಿನಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. "ಜೇ" ಅಂದರೆ ಅವರಿಗೆ ಅರ್ಥವಾಗುತ್ತದೆ. ಸಬಾದ ನದಿ ಲಾಡ್ಜ್‌ಗಳಿಗೆ ಮೊದಲೇ ಬರೆದು ತಿಳಿಸಿ, ಜೊತೆಗೆ ಎಂಟಿಆರ್ ಪೊಟ್ಟಣ ನಾಲ್ಕು ಇಟ್ಟುಕೊಳ್ಳಿ. ಉಗಾಂಡಾದಲ್ಲಿ ಚಪಾತಿ, ಹುರುಳಿಕಾಯಿ ಬೀಜದ ಸಾರು ಸಿಗುತ್ತದೆ. ಕೋಸ್ಟರಿಕಾದಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ಅನ್ನ ಮತ್ತು ಕಪ್ಪು ಕಾಳು.

ದುಡ್ಡು ಕಟ್ಟುವ ಮೊದಲು

ಬೈನಾಕ್ಯುಲರ್ ಬಗ್ಗೆ ಒಂದೇ ಮಾತು. ಕೆರೆಗೆ ಅಂತ ಕೊಂಡ 10x50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಗಾಜಿನದು) ಮಳೆಕಾಡಿನಲ್ಲಿ ಭಾರ, ನೋಟದ ಅಗಲವೂ ಕಡಿಮೆ. 8x42 ಸಿಕ್ಕರೆ ಎರವಲಾದರೂ ತನ್ನಿ. ಜಿಗಣೆ ಕಾಲುಚೀಲ ಶ್ರೀಲಂಕಾಕ್ಕೂ ಸಬಾಕ್ಕೂ ಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಪರಿಚಯದವರ ಮಾತು ನಂಬದೆ ಆಯಾ ದೇಶದ ಸರ್ಕಾರಿ ತಾಣದಲ್ಲೇ ನೋಡಿ. ಸಬಾಕ್ಕೆ ಕ್ವಾಲಾಲಂಪುರದಿಂದ ಒಳವಿಮಾನದಲ್ಲಿ ಹೋದರೂ ಅಲ್ಲಿ ಇನ್ನೊಮ್ಮೆ ಪಾಸ್‌ಪೋರ್ಟ್ ತೋರಿಸಬೇಕು, ಸೂಟ್‌ಕೇಸಿನ ತಳದಲ್ಲಿ ಹಾಕಿಬಿಡಬೇಡಿ.

ಟೂರ್ ಕಂಪನಿ ಮೂಲಕ ಹೋಗುವುದಾದರೆ ಅವರ ಕಾರ್ಯಕ್ರಮದ ಹಾಳೆಯಲ್ಲಿ ಎರಡು ವಿಷಯ ನೋಡಿ. ಒಂದೇ ಜಾಗದಲ್ಲಿ ಸತತ ಎಷ್ಟು ಬೆಳಗ್ಗೆ ಇದೆ? ಪ್ರತಿ ರಾತ್ರಿ ಹೊಸ ಊರು ಅಂತಿದ್ದರೆ ಅದು ದೇಶ ತೋರಿಸುವ ಪ್ರವಾಸ, ಹಕ್ಕಿ ತೋರಿಸುವುದಲ್ಲ. ಆಮೇಲೆ, ಬೆಳಗಿನ ತಿಂಡಿ ಎಷ್ಟು ಗಂಟೆಗೆ ಅಂತ ಬರೆದಿದ್ದಾರೆ? ಎಂಟು ಗಂಟೆಗೆ ಹೋಟೆಲಿನಲ್ಲಿ ತಿಂಡಿ ಅಂತ ಇದ್ದರೆ ಮುಂದಿನ ಪುಟ ಓದುವ ಅಗತ್ಯವಿಲ್ಲ. ಬುತ್ತಿ ಕಟ್ಟಿಕೊಂಡು ಐದೂವರೆಗೆ ಗೇಟಿನಲ್ಲಿರುತ್ತೇವೆ ಅನ್ನುವವರ ಹತ್ತಿರವೇ ದರ ಮಾತಾಡಿ.